ಪಿಷ್ಟ, ಸಕ್ಕರೆ ಪರೀಕ್ಷೆ ಪದೇ ಪದೇ ಕೈಕೊಡುತ್ತಿದೆಯಾ? ಅಯೋಡಿನ್‌ನಿಂದ ಜೊಲ್ಲಿನವರೆಗೆ ಸಮಗ್ರ ಮಾರ್ಗದರ್ಶಿ

ಹನ್ನೊಂದನೇ ತರಗತಿಯ ಬಯಾಲಜಿ ಪ್ರಾಕ್ಟಿಕಲ್ ಶುರುವಾದರೆ ಸಾಕು, ಡೊಂಬಿವಲಿ, ಮುಲುಂಡ್, ವಾಶಿ ಕಡೆಯ ನಮ್ಮ ಕನ್ನಡದ ಮಕ್ಕಳಿಂದ ಅವೇ ಪ್ರಶ್ನೆಗಳು ಬರುತ್ತವೆ. "ಸಕ್ಕರೆ ನೀರಿಗೆ ಬೆನೆಡಿಕ್ಟ್ (ಸಕ್ಕರೆ ಪತ್ತೆಹಚ್ಚುವ ನೀಲಿ ದ್ರಾವಣ) ಹಾಕಿದೆ, ನೀಲಿ ನೀಲಿಯಾಗಿಯೇ ಉಳಿಯಿತು. ಸಕ್ಕರೆಯಲ್ಲಿ ಸಕ್ಕರೆ ಇಲ್ವಾ?" "ಅವಲಕ್ಕಿಗೆ ಅಯೋಡಿನ್ ಹಾಕಿದರೆ ಬಣ್ಣ ಬಂದ ಹಾಗೆ ಆಗಿ ಮಾಯವಾಯಿತು." "ಜೊಲ್ಲು ಬೆರೆಸಿ ಅರ್ಧ ಗಂಟೆ ಕಾದೆವು, ಏನೂ ಆಗಲಿಲ್ಲ."

ರಾಸಾಯನಿಕ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ಕೆಟ್ಟಿರುವುದು ಕೆಲಸದ ಕ್ರಮ. ಇಲ್ಲವೇ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಟ್ಯೂಬ್ ಇರುವುದಿಲ್ಲ. ಬಣ್ಣ ಬಂತು ಅಂದಮಾತ್ರಕ್ಕೆ ಉತ್ತರ ಬಂತು ಅಂತಲ್ಲ, ಬರಲಿಲ್ಲ ಅಂದಮಾತ್ರಕ್ಕೆ ಪದಾರ್ಥದಲ್ಲಿ ಅದು ಇಲ್ಲ ಅಂತಲೂ ಅಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಅರ್ಥವಾಗುವುದಿಲ್ಲ.

## ಶುರುಮಾಡುವ ಮುಂಚೆ ಇಷ್ಟು ಗೊತ್ತಿರಲಿ

ಜೀವಕೋಶದ ದೊಡ್ಡ ಅಣುಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು, ನ್ಯೂಕ್ಲಿಕ್ ಆಮ್ಲ. ಇವುಗಳಲ್ಲಿ ಕೊಬ್ಬು ಬೇರೆ ಜಾತಿ. ಉಳಿದ ಮೂರರ ದೊಡ್ಡ ಅಣುಗಳಲ್ಲಿ ಸಣ್ಣ ಘಟಕಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಕೊಬ್ಬಿನಲ್ಲಿ ಅಂಥ ಉದ್ದ ಸಾಲು ಇಲ್ಲ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನೆನಪಿಟ್ಟುಕೊಳ್ಳಿ.

ನಮ್ಮ ಕೆಲಸ ಕಾರ್ಬೋಹೈಡ್ರೇಟ್ ಜೊತೆ. ಗ್ಲುಕೋಸ್, ಫ್ರಕ್ಟೋಸ್ ಒಂಟಿ ಸಕ್ಕರೆಗಳು. ಎರಡು ಸೇರಿದರೆ ಜೋಡಿ ಸಕ್ಕರೆ: ಗ್ಲುಕೋಸ್ ಮತ್ತು ಫ್ರಕ್ಟೋಸ್ ಸೇರಿ ನಾವು ಚಹಾಕ್ಕೆ ಹಾಕುವ ಸುಕ್ರೋಸ್, ಎರಡು ಗ್ಲುಕೋಸ್ ಸೇರಿ ಮಾಲ್ಟೋಸ್, ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಸೇರಿ ಹಾಲಿನ ಲ್ಯಾಕ್ಟೋಸ್. ನೂರಾರು, ಸಾವಿರಾರು ಗ್ಲುಕೋಸ್ ಸೇರಿದರೆ ಪಿಷ್ಟ, ನಮ್ಮ ದೇಹ ಕೂಡಿಡುವ ಗ್ಲೈಕೋಜನ್, ಸಸ್ಯಗಳ ನಾರಿನ ಸೆಲ್ಯುಲೋಸ್. ಒಂದೇ ಪರೀಕ್ಷೆ ಇವೆಲ್ಲವನ್ನೂ ಹಿಡಿಯುವುದಿಲ್ಲ. ಅಯೋಡಿನ್ ಪಿಷ್ಟವನ್ನು ಹಿಡಿಯುತ್ತದೆ, ಬೆನೆಡಿಕ್ಟ್ ಕೆಲವು ಸಕ್ಕರೆಗಳನ್ನು ಮಾತ್ರ ಹಿಡಿಯುತ್ತದೆ.

## ಬೇಕಾಗುವ ಸಾಮಾನು

ಆರೆಂಟು ಟೆಸ್ಟ್ ಟ್ಯೂಬ್, ಸ್ಟ್ಯಾಂಡ್, ಹೋಲ್ಡರ್, ಒಂದು ಬೀಕರ್, ಮೂರ್ನಾಲ್ಕು ಡ್ರಾಪರ್, ಬಿಳಿ ಟೈಲ್ಸ್ ತುಂಡು, ಥರ್ಮಾಮೀಟರ್, ಲಿಟ್ಮಸ್ ಕಾಗದ, ಕಣ್ಣಿಗೆ ಕನ್ನಡಕ. ಕಾಲೇಜಿನ ಲ್ಯಾಬ್‌ನಲ್ಲಿ ಇವೆಲ್ಲ ಇರುತ್ತವೆ. ಹೊರಗೆ ಕೊಳ್ಳಬೇಕಾದರೆ ಮರೀನ್ ಲೈನ್ಸ್ ಹತ್ತಿರದ ಪ್ರಿನ್ಸೆಸ್ ಸ್ಟ್ರೀಟ್ ಕಡೆ ಲ್ಯಾಬ್ ಸಾಮಾನಿನ ಅಂಗಡಿಗಳಿವೆ. ಡಿಸ್ಟಿಲ್ಡ್ ನೀರಿಗೆ ಬ್ಯಾಟರಿ ಅಂಗಡಿಯ ನೀರು ನಡೆಯುತ್ತದೆ.

ಅಯೋಡಿನ್‌ಗೆ ಲ್ಯಾಬ್‌ನ ಅಯೋಡಿನ್ ದ್ರಾವಣವೇ ಒಳ್ಳೆಯದು. ಸಿಗದಿದ್ದರೆ ಮೆಡಿಕಲ್ ಶಾಪ್‌ನ ಪೋವಿಡೋನ್ ಅಯೋಡಿನ್ ಲೋಷನ್ ತಂದು, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ. ಬಣ್ಣ ಹಾಲಿಲ್ಲದ ತಿಳಿ ಚಹಾದಷ್ಟಿರಬೇಕು. ಕಂದು ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಅಡುಗೆ ಉಪ್ಪಿನಲ್ಲೂ ಅಯೋಡಿನ್ ಇದೆಯಲ್ಲ ಅಂತ ಕೆಲವರು ಉಪ್ಪು ಉದುರಿಸುತ್ತಾರೆ. ಅದು ಅಯೋಡೇಟ್ ರೂಪದಲ್ಲಿರುತ್ತದೆ, ಸುಮ್ನೆ ಉದುರಿಸಿದರೆ ಆಲೂಗಡ್ಡೆ ನೀಲಿಯಾಗುವುದಿಲ್ಲ.

ಬೆನೆಡಿಕ್ಟ್ ದ್ರಾವಣದಲ್ಲಿ ತಾಮ್ರದ ಸಲ್ಫೇಟ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಿಟ್ರೇಟ್ ಇರುತ್ತವೆ. ಹೊಟ್ಟೆಗೆ ಹೋದರೆ ವಿಷ. ಹಾಗಾಗಿ ಬೆನೆಡಿಕ್ಟ್ ಮತ್ತು ಆಮ್ಲದ ಹಂತಗಳನ್ನು ಲ್ಯಾಬ್‌ನಲ್ಲಿ, ಶಿಕ್ಷಕರ ಎದುರು ಮಾಡಿ. ಮನೆಯಲ್ಲಿ ಅಯೋಡಿನ್ ಪರೀಕ್ಷೆ ಮಾಡಬಹುದು. ಆದರೆ ಅದಕ್ಕೆ ಬಳಸಿದ ಬಟ್ಟಲು ಮತ್ತೆ ಊಟಕ್ಕೆ ಬೇಡ.

## ಹಂತ 1: ಸ್ಯಾಂಪಲ್ ಸಿದ್ಧಮಾಡುವುದು

ಅರ್ಧಕ್ಕರ್ಧ ಪರೀಕ್ಷೆಗಳು ಇಲ್ಲಿಯೇ ಕೆಡುತ್ತವೆ. ಡಬ್ಬಿಯಲ್ಲಿ ಉಳಿದ ಕಾಂದಾ ಪೋಹಾ, ವಡಾ ಪಾವ್‌ನ ಒಳಗಿನ ಭಾಜಿ, ಟೊಮೆಟೊ ಸಾರು ತಂದು ಟ್ಯೂಬಿಗೆ ಹಾಕುತ್ತಾರೆ. ಮಾಡಬೇಡಿ. ಅವುಗಳಲ್ಲಿ ಅರಿಶಿನ ಇದೆ, ನಿಂಬೆರಸ ಇದೆ, ಬಣ್ಣ ಇದೆ. ಮೂರೂ ಮುಂದೆ ಬೇರೆ ಬೇರೆ ರೀತಿಯಲ್ಲಿ ಕಾಟ ಕೊಡುತ್ತವೆ.

ಮಸಾಲೆ ಮುಟ್ಟದ ಪದಾರ್ಥ ತನ್ನಿ. ಬೇಯಿಸಿದ ಆಲೂಗಡ್ಡೆ, ಬರೀ ಅನ್ನ, ಪಾವ್‌ನ ಬಿಳಿ ಭಾಗ, ನೆನೆಸಿದ ಸಾಬುದಾಣಾ, ಬಿಳಿ ಸಕ್ಕರೆ, ಜೇನು, ಹಸಿರು ದ್ರಾಕ್ಷಿ, ಹಾಲು, ಮೊಟ್ಟೆಯ ಬಿಳಿ ಭಾಗ ಇಷ್ಟಿದ್ದರೆ ಧಾರಾಳ. ಮಾಟುಂಗಾ ಮಾರ್ಕೆಟ್ ಕಡೆ ಹೋಗುವವರಿದ್ದರೆ ಬಾಳೆಕಾಯಿಯನ್ನೂ, ಪೂರ್ತಿ ಕಳಿತ ಬಾಳೆಹಣ್ಣನ್ನೂ ತರಿಸಿ. ಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಹಣ್ಣಾಗುತ್ತಾ ಅದರ ಬಹುಭಾಗ ಸಕ್ಕರೆಯಾಗುತ್ತದೆ. ಎರಡೂ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸ್ಯಾಂಪಲ್ ನನಗೆ ಗೊತ್ತಿಲ್ಲ.

ಒಂದು ಚಮಚ ಪದಾರ್ಥವನ್ನು ಜಜ್ಜಿ, ಸುಮಾರು 10 ಮಿ.ಲೀ. ನೀರಲ್ಲಿ ಕಲಸಿ. ಗಟ್ಟಿ ಪದಾರ್ಥವಾದರೆ ಒಂದು ಕುದಿ ಬರಿಸಿ, ಪೂರ್ತಿ ತಣಿಸಿ, ಬಟ್ಟೆಯಲ್ಲಿ ಸೋಸಿ. ಅಯೋಡಿನ್‌ಗೆ ಕಲಸಿದ್ದೇ ಸಾಕು, ಬೆನೆಡಿಕ್ಟ್‌ಗೆ ಸೋಸಿದ ತಿಳಿ ಬೇಕು.

ಪಿಷ್ಟದ ದ್ರಾವಣವನ್ನೂ ಈಗಲೇ ಮಾಡಿಟ್ಟುಕೊಳ್ಳಿ. 1 ಗ್ರಾಂ ಕಾರ್ನ್‌ಫ್ಲೋರನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಕಲಸಿ. ಆಮೇಲೆ ಕುದಿಯುವ 100 ಮಿ.ಲೀ. ನೀರಿಗೆ ಕೈಯಾಡಿಸುತ್ತಾ ಸುರಿಯಿರಿ. ನೇರವಾಗಿ ಬಿಸಿನೀರಿಗೆ ಪುಡಿ ಹಾಕಿದರೆ ಗಂಟು ಕಟ್ಟುತ್ತದೆ, ಗಂಟಿನ ಒಳಗಿನ ಪಿಷ್ಟ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅಂದಿನದನ್ನು ಅಂದೇ ಬಳಸಿ. ಮುಂಬೈ ಸೆಖೆಯಲ್ಲಿ ಮರುದಿನಕ್ಕೆ ಅದು ಹಳಸುತ್ತದೆ, ಸೂಕ್ಷ್ಮಜೀವಿಗಳು ಪಿಷ್ಟವನ್ನು ಒಡೆಯಲು ಶುರುಮಾಡಿರುತ್ತವೆ.

## ಹಂತ 2: ಅಯೋಡಿನ್ ಪರೀಕ್ಷೆ, ಯಾವಾಗಲೂ ತಣ್ಣಗೆ

ಮೂರು ಟ್ಯೂಬ್ ಸಾಲಾಗಿ ಇಡಿ. ಮೊದಲನೆಯದರಲ್ಲಿ ಬರೀ ನೀರು, ಎರಡನೆಯದರಲ್ಲಿ ಪಿಷ್ಟದ ದ್ರಾವಣ, ಮೂರನೆಯದರಲ್ಲಿ ನಿಮ್ಮ ಸ್ಯಾಂಪಲ್. ಮೂರಕ್ಕೂ ಎರಡೆರಡು ಹನಿ ಅಯೋಡಿನ್ ಹಾಕಿ. ನೀರು ಹಳದಿ-ಕಂದಾಗಿ ಉಳಿಯಬೇಕು, ಪಿಷ್ಟ ಕಡು ನೀಲಿಯಾಗಬೇಕು. ಈ ಎರಡೂ ಸರಿಬಂದ ಮೇಲೆಯೇ ಮೂರನೆಯದರ ಕಡೆ ನೋಡಿ.

ಪಿಷ್ಟದಲ್ಲಿ ಎರಡು ಬಗೆಯ ಸರಪಳಿಗಳಿವೆ. ಅಮೈಲೋಸ್ ಸುರುಳಿ ಸುತ್ತಿಕೊಂಡಿರುತ್ತದೆ. ಅಮೈಲೋಪೆಕ್ಟಿನ್‌ಗೆ ಕವಲುಗಳಿವೆ. ಅಯೋಡಿನ್ ಅಮೈಲೋಸ್ ಸುರುಳಿಯ ಒಳಗೆ ಹೋಗಿ ಕೂತಾಗ ಆ ಕಡು ನೀಲಿ ಕಾಣುತ್ತದೆ. ಬಿಸಿ ಮಾಡಿದರೆ ಸುರುಳಿ ಸಡಿಲವಾಗಿ ಬಣ್ಣ ಹೋಗುತ್ತದೆ, ತಣಿದರೆ ಮತ್ತೆ ಬರುತ್ತದೆ. ಬಿಸಿ ಅನ್ನಕ್ಕೆ ಅಯೋಡಿನ್ ಹಾಕಿ "ಪಿಷ್ಟ ಇಲ್ಲ" ಅಂತ ಬರೆದವರು ಬಹಳ.

ಎಚ್ಚರಿಕೆಯ ಸೂಚನೆಗಳು. ನೀಲಿ ಬಂದು ಮಾಯವಾದರೆ ಅಲ್ಲಿ ನಿಂಬೆರಸ ಇರಬಹುದು. ವಿಟಮಿನ್ ಸಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡಿಬಿಡುತ್ತದೆ. ಅವಲಕ್ಕಿಯವರ ಪ್ರಶ್ನೆಗೆ ಇದೇ ಉತ್ತರ: ಒಗ್ಗರಣೆಯ ಮೇಲೆ ನಿಂಬೆ ಹಿಂಡಿದ್ದರು. ಸೋಡಾದಂಥ ಕ್ಷಾರ ಜಾಸ್ತಿ ಇದ್ದರೂ ಬಣ್ಣ ನಿಲ್ಲುವುದಿಲ್ಲ. ನೀಲಿಯ ಬದಲು ಕಡು ಕಂದು ಬಂದರೆ ಅಯೋಡಿನ್ ಜಾಸ್ತಿಯಾಗಿದೆ, ನೀರು ಬೆರೆಸಿ ಮತ್ತೆ ನೋಡಿ. ಕೆಂಪು-ನೇರಳೆ ಬಂದರೆ ಗಾಬರಿ ಬೇಡ, ಅಮೈಲೋಪೆಕ್ಟಿನ್ ಹೆಚ್ಚಿರುವ ಅಂಟು ಅಕ್ಕಿಯಂಥ ಪದಾರ್ಥಗಳಲ್ಲಿ ಅದು ಸಹಜ.

ಈ ಪರೀಕ್ಷೆ ಕಾಲೇಜಿನ ಆಚೆಗೂ ಉಪಯೋಗಕ್ಕೆ ಬರುತ್ತದೆ. ಖೋವಾ, ಪನೀರ್‌ನಲ್ಲಿ ಪಿಷ್ಟ ಬೆರೆಸಿದ್ದಾರೋ ನೋಡಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುವ ಮನೆ ಪರೀಕ್ಷೆಯೂ ಇದೇ: ಸ್ವಲ್ಪ ಸ್ಯಾಂಪಲ್ ನೀರಲ್ಲಿ ಕುದಿಸಿ, ತಣಿಸಿ, ಎರಡು ಮೂರು ಹನಿ ಅಯೋಡಿನ್. ನೀಲಿ ಬಂದರೆ ಪಿಷ್ಟ ಇದೆ. ಪರೀಕ್ಷೆ ಮಾಡಿದ್ದನ್ನು ತಿನ್ನಬೇಡಿ, ಅಷ್ಟೇ.

## ಹಂತ 3: ಬೆನೆಡಿಕ್ಟ್ ಪರೀಕ್ಷೆ, ಯಾವಾಗಲೂ ಬಿಸಿಯಲ್ಲಿ

ಬೀಕರಿನಲ್ಲಿ ಅರ್ಧ ನೀರು ಕುದಿಯಲು ಇಡಿ. ನೀರು ಕುದಿ ಬಂದ ಮೇಲೆ ಟ್ಯೂಬ್ ಇಳಿಸಬೇಕು. ತಣ್ಣೀರಲ್ಲೇ ಇಳಿಸಿ ಸಮಯ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನೇರ ಉರಿಗೆ ಹಿಡಿಯಬೇಡಿ, ದ್ರಾವಣ ಚಿಮ್ಮಿ ಮುಖಕ್ಕೆ ಬರುತ್ತದೆ.

ಮತ್ತೆ ಮೂರು ಟ್ಯೂಬ್: ನೀರು, ಗ್ಲುಕೋಸ್ ದ್ರಾವಣ, ಸ್ಯಾಂಪಲ್. ತಲಾ 2 ಮಿ.ಲೀ. ಇರಲಿ, ಪ್ರತಿಯೊಂದಕ್ಕೂ 2 ಮಿ.ಲೀ. ಬೆನೆಡಿಕ್ಟ್ ಸೇರಿಸಿ. ಕುದಿಯುವ ನೀರಲ್ಲಿ 5 ನಿಮಿಷ. ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣ ನೀಲಿಯಿಂದ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪಿಗೆ ಹೋಗುತ್ತದೆ. ಆ ಕೆಂಪು ಪುಡಿ ತಾಮ್ರದ ಆಕ್ಸೈಡ್. ಸಕ್ಕರೆ ತಾಮ್ರಕ್ಕೆ ಎಲೆಕ್ಟ್ರಾನ್ ಕೊಟ್ಟಿದೆ ಅನ್ನುವುದಕ್ಕೆ ಅದೇ ಗುರುತು. ಹೀಗೆ ಕೊಡಬಲ್ಲ ಸಕ್ಕರೆಗಳಿಗೆ ರೆಡ್ಯೂಸಿಂಗ್ ಶುಗರ್ ಅನ್ನುತ್ತಾರೆ. ಜೇನು, ದ್ರಾಕ್ಷಿ, ಬಾಳೆಹಣ್ಣು, ಹಾಲು ಎಲ್ಲವೂ ಬಣ್ಣ ಕೊಡುತ್ತವೆ.

ಬಿಳಿ ಸಕ್ಕರೆ ಮಾತ್ರ ಕೊಡುವುದಿಲ್ಲ. ಯಾಕೆ? ಲೋಕಲ್ ಟ್ರೇನಿನ ಬೋಗಿಗಳನ್ನು ನೆನೆಸಿಕೊಳ್ಳಿ. ಪ್ರತಿ ಸಕ್ಕರೆ ಅಣುವಿಗೂ ಕೆಲಸ ಮಾಡುವ ಕೊಂಡಿ ಒಂದು ತುದಿಯಲ್ಲಿದೆ. ಆ ಕೊಂಡಿ ಬಿಡುವಾಗಿದ್ದರೆ ಮಾತ್ರ ಅದು ತಾಮ್ರದ ಜೊತೆ ವ್ಯವಹರಿಸುತ್ತದೆ. ಮಾಲ್ಟೋಸ್‌ನಲ್ಲಿ ಒಂದು ಗ್ಲುಕೋಸಿನ ಕೊಂಡಿ ಇನ್ನೊಂದರ ಬೆನ್ನಿಗೆ ಸಿಕ್ಕಿಕೊಂಡಿದೆ, ಎರಡನೆಯದರ ಕೊಂಡಿ ಬಿಡುವಾಗಿದೆ. ಹಾಗಾಗಿ ಮಾಲ್ಟೋಸ್ ಬಣ್ಣ ಕೊಡುತ್ತದೆ. ಸುಕ್ರೋಸ್‌ನಲ್ಲಿ ಗ್ಲುಕೋಸ್, ಫ್ರಕ್ಟೋಸ್ ಎರಡರ ಕೊಂಡಿಗಳೂ ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಿಡುವಾದ ಕೊಂಡಿಯೇ ಇಲ್ಲ. ಪಿಷ್ಟದಲ್ಲಿ ಸಾವಿರಾರು ಬೋಗಿಗಳ ಗಾಡಿಗೆ ಒಂದೇ ಒಂದು ಬಿಡುವಾದ ಕೊಂಡಿ. ಅದು ಲೆಕ್ಕಕ್ಕೇ ಬರುವುದಿಲ್ಲ. "ಸಕ್ಕರೆಯಲ್ಲಿ ಸಕ್ಕರೆ ಇಲ್ವಾ" ಅಂದವರಿಗೆ ಉತ್ತರ ಸಿಕ್ಕಿತು ಅಲ್ವಾ?

ಎಚ್ಚರಿಕೆಯ ಸೂಚನೆಗಳು. ಬಿಸಿಗೆ ಇಡುವ ಮುಂಚೆಯೇ ಬಣ್ಣ ಬದಲಾದರೆ ಅದನ್ನು ನಂಬಬೇಡಿ. ಬೆನೆಡಿಕ್ಟ್ ಕ್ಷಾರ ದ್ರಾವಣ, ಅರಿಶಿನ ಕ್ಷಾರದಲ್ಲಿ ಕೆಂಪಗಾಗುತ್ತದೆ. ಅರಿಶಿನದ ಬಟ್ಟೆಗೆ ಸೋಪು ತಾಗಿದಾಗ ಆಗುವುದೂ ಇದೇ. ಕೋಕಂ, ಬೀಟ್‌ರೂಟ್, ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ನೆಲ್ಲಿಕಾಯಿ, ನಿಂಬೆಯ ವಿಟಮಿನ್ ಸಿ ಸಕ್ಕರೆಯ ಹಾಗೆಯೇ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುವುದರಿಂದ ಅವುಗಳ ಕೆಂಪನ್ನು ಪೂರ್ತಿ ಸಕ್ಕರೆಯ ಲೆಕ್ಕಕ್ಕೆ ಹಾಕಬೇಡಿ. ಬರೀ ನೀರಿನ ಟ್ಯೂಬ್ ಕೂಡ ಹಸಿರಾದರೆ ಟ್ಯೂಬ್ ಸರಿಯಾಗಿ ತೊಳೆದಿಲ್ಲ, ಇಲ್ಲವೇ ದ್ರಾವಣ ಕೆಟ್ಟಿದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಇದೆಯೋ ನೋಡೋಣ ಅಂತ ಮೂತ್ರಕ್ಕೆ ಈ ಪರೀಕ್ಷೆ ಮಾಡಬೇಡಿ. ರಕ್ತದ ಗ್ಲುಕೋಸ್ 100 ಮಿ.ಲೀ.ಗೆ ಸುಮಾರು 180 ಮಿ.ಗ್ರಾಂ ದಾಟಿದ ಮೇಲಷ್ಟೇ ಸಾಮಾನ್ಯವಾಗಿ ಮೂತ್ರದಲ್ಲಿ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ 126 ಇದ್ದರೇ ಡಾಕ್ಟರು ಮಧುಮೇಹದ ಕಡೆ ನೋಡುತ್ತಾರೆ. ಟ್ಯೂಬ್ ನೀಲಿ ಇದೆ ಅಂತ ನಿಶ್ಚಿಂತೆಯಾಗಿ ಕೂತರೆ ಅಪಾಯ.

## ಹಂತ 4: ಬಿಳಿ ಸಕ್ಕರೆಯನ್ನು ಒಡೆದು ನೋಡುವುದು

ಹಂತ 3ರಲ್ಲಿ ನೀಲಿಯಾಗಿ ಉಳಿದ ಸ್ಯಾಂಪಲ್‌ಗೆ ಮಾತ್ರ ಇದನ್ನು ಮಾಡಿ. ಮೊದಲೇ ಕೆಂಪಾದದ್ದಕ್ಕೆ ಮಾಡಿದರೆ ಆ ಕೆಂಪು ಹಳೆಯ ಸಕ್ಕರೆಯದೋ, ಹೊಸದಾಗಿ ಒಡೆದದ್ದೋ ಗೊತ್ತಾಗುವುದಿಲ್ಲ.

2 ಮಿ.ಲೀ. ಸಕ್ಕರೆ ನೀರಿಗೆ ಕೆಲವು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಕುದಿಯುವ ನೀರಲ್ಲಿ ಐದು ನಿಮಿಷ ಇಡಿ. ತಣಿಸಿ. ಆಮೇಲೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ, ನೊರೆ ಏಳುವುದು ನಿಲ್ಲುವವರೆಗೆ ಹಾಕಿ. ಲಿಟ್ಮಸ್ ಅದ್ದಿ ನೋಡಿ, ಕೆಂಪಾಗಬಾರದು. ಈಗ ಬೆನೆಡಿಕ್ಟ್ ಹಾಕಿ ಮತ್ತೆ ಬಿಸಿ ಮಾಡಿದರೆ ಇಟ್ಟಿಗೆ ಕೆಂಪು ಬರುತ್ತದೆ.

ಸೋಡಾ ಹಾಕುವುದನ್ನು ಮರೆಯುವುದೇ ಇಲ್ಲಿನ ದೊಡ್ಡ ತಪ್ಪು. ಬೆನೆಡಿಕ್ಟ್ ಕ್ಷಾರದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆಮ್ಲ ಉಳಿದಿದ್ದರೆ ಪರೀಕ್ಷೆ ಸುಮ್ಮನಾಗಿಬಿಡುತ್ತದೆ. ಎರಡನೆಯ ತಪ್ಪು, ಸೋಡಾವನ್ನು ಒಮ್ಮೆಲೇ ಸುರಿಯುವುದು. ಅರ್ಧ ದ್ರಾವಣ ನೊರೆಯಾಗಿ ಮೇಜಿನ ಮೇಲಿರುತ್ತದೆ. ಪಕ್ಕದಲ್ಲಿ ಆಮ್ಲ ಹಾಕದ ಸಕ್ಕರೆ ನೀರನ್ನೂ ಅಷ್ಟೇ ಹೊತ್ತು ಕುದಿಸಿ ಇಟ್ಟುಕೊಳ್ಳಿ. ಒಡೆದದ್ದು ಆಮ್ಲವೇ ಅಂತ ತೋರಿಸಲು ಅದು ಬೇಕು.

ಸಿಹಿ ಮಾಡುವವರು ಸಕ್ಕರೆ ಪಾಕ ಮತ್ತೆ ಹರಳು ಕಟ್ಟದಿರಲಿ ಅಂತ ನಿಂಬೆರಸ ಹಿಂಡುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ಕ್ರಿಯೆ. ಸ್ವಲ್ಪ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗಿರುತ್ತದೆ. ನಮ್ಮ ಸಣ್ಣ ಕರುಳಿನಲ್ಲಿ ಈ ಕೆಲಸಕ್ಕೆ ಆಮ್ಲ ಬೇಕಿಲ್ಲ, ಸುಕ್ರೇಸ್ ಅನ್ನುವ ಕಿಣ್ವ (ಎನ್ಜೈಮ್, ಇಂಥ ಕ್ರಿಯೆಯನ್ನು ಬೇಗ ಮಾಡಿಸುವ ಪ್ರೋಟೀನ್) ಇದೆ.

## ಹಂತ 5: ಜೊಲ್ಲಿನ ಪರೀಕ್ಷೆ

ಅತಿ ಹೆಚ್ಚು ದೂರು ಬರುವುದು ಇದಕ್ಕೆ. ನಿಧಾನವಾಗಿ ಓದಿ.

ಬಾಯಿ ಮುಕ್ಕಳಿಸಿ ಉಗಿಯಿರಿ. ಆಮೇಲೆ ಸ್ವಲ್ಪ ಬೆಚ್ಚಗಿನ ನೀರನ್ನು ಬಾಯಲ್ಲಿ ಒಂದು ನಿಮಿಷ ಆಡಿಸಿ ಬೀಕರಿಗೆ ಬಿಡಿ. ಇದೇ ಜೊಲ್ಲಿನ ದ್ರಾವಣ. ನಿಮ್ಮ ಜೊಲ್ಲನ್ನು ನೀವೇ ಮುಟ್ಟಿ, ಬೇರೆಯವರದನ್ನಲ್ಲ. ಪಿಪೆಟ್ಟನ್ನು ಬಾಯಲ್ಲಿ ಎಳೆಯುವುದಂತೂ ಬೇಡವೇ ಬೇಡ.

ಒಂದು ಟ್ಯೂಬಿನಲ್ಲಿ 5 ಮಿ.ಲೀ. ಪಿಷ್ಟದ ದ್ರಾವಣ, ಚಿಟಿಕೆ ಉಪ್ಪು. ಇನ್ನೊಂದರಲ್ಲೂ ಅಷ್ಟೇ. ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಅನ್ನುವ ಕಿಣ್ವ ಇದೆ, ಉಪ್ಪಿನ ಕ್ಲೋರೈಡ್ ಅದನ್ನು ಚುರುಕು ಮಾಡುತ್ತದೆ. ಎರಡನ್ನೂ 37 ಡಿಗ್ರಿಯ ನೀರಲ್ಲಿ ಇಟ್ಟು ಬೆಚ್ಚಗಾಗಲು ಬಿಡಿ. ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಈಗ ಮೊದಲ ಟ್ಯೂಬಿಗೆ 1 ಮಿ.ಲೀ. ಜೊಲ್ಲಿನ ದ್ರಾವಣ, ಎರಡನೆಯದಕ್ಕೆ ಚೆನ್ನಾಗಿ ಕುದಿಸಿ ತಣಿಸಿದ 1 ಮಿ.ಲೀ. ಜೊಲ್ಲು. ಅಲ್ಲಿಂದ ನಿಮಿಷಕ್ಕೊಮ್ಮೆ ಪ್ರತಿ ಟ್ಯೂಬಿನಿಂದ ಒಂದು ಹನಿ ತೆಗೆದು ಟೈಲ್ಸ್ ಮೇಲಿನ ಅಯೋಡಿನ್ ಹನಿಗೆ ಸೇರಿಸಿ.

ಮೊದಲ ಟ್ಯೂಬಿನ ಹನಿಗಳು ಕಡು ನೀಲಿಯಿಂದ ನೇರಳೆ, ಕೆಂಪು-ಕಂದು, ಕೊನೆಗೆ ಬರೀ ಅಯೋಡಿನ್ನಿನ ಹಳದಿಗೆ ಬರುತ್ತವೆ. ಪಿಷ್ಟ ತುಂಡಾಗುತ್ತಾ ಮಾಲ್ಟೋಸ್ ಕಡೆ ಸಾಗಿದೆ ಅಂತ ಅರ್ಥ. ಎರಡನೆಯದು ಕೊನೆಯವರೆಗೂ ನೀಲಿ. ಕುದಿಸಿದಾಗ ಅಮೈಲೇಸ್ ಕಿಣ್ವದ ಆಕಾರ ಕೆಟ್ಟಿದೆ. ಕೊನೆಯಲ್ಲಿ ಮೊದಲ ಟ್ಯೂಬಿಗೆ ಬೆನೆಡಿಕ್ಟ್ ಪರೀಕ್ಷೆ ಮಾಡಿ, ಬಣ್ಣ ಬರಬೇಕು. ಇದನ್ನು ಬಿಟ್ಟರೆ ಪಿಷ್ಟ ಹೋಯಿತು ಅಂತ ತೋರಿಸಿದ ಹಾಗಾಯಿತೇ ಹೊರತು ಸಕ್ಕರೆ ಬಂತು ಅಂತ ತೋರಿಸಿದ ಹಾಗಾಗಲಿಲ್ಲ.

"ಏನೂ ಆಗಲಿಲ್ಲ" ಅನ್ನುವವರು ಈ ಕ್ರಮದಲ್ಲಿ ಹುಡುಕಿ. ಮೊದಲು, ಅಯೋಡಿನ್ನನ್ನು ನೇರ ಟ್ಯೂಬಿಗೇ ಹಾಕಿದಿರಾ? ಹಾಗೆ ಮಾಡಬಾರದು, ಹನಿ ತೆಗೆದು ಹೊರಗೆ ನೋಡಬೇಕು. ಪಿಷ್ಟ ಗಂಜಿಯ ಹಾಗೆ ದಪ್ಪಗಿತ್ತಾ? ಇನ್ನಷ್ಟು ನೀರು ಬೆರೆಸಿ. ಎಸಿ ಲ್ಯಾಬ್‌ನಲ್ಲಿ ನೀರು ತಣಿದುಹೋಗಿತ್ತಾ? ಕೆಲಸ ನಿಧಾನವಾಗುತ್ತದೆ. ಬೇಗ ಆಗಲಿ ಅಂತ ಕುದಿಯುವ ನೀರಲ್ಲಿ ಇಟ್ಟಿರಾ? ಕಿಣ್ವ ಕೆಟ್ಟಿತು, ಮೊದಲಿನಿಂದ ಮಾಡಿ. ಎರಡೂ ಟ್ಯೂಬಿಗೆ ಒಂದೇ ಡ್ರಾಪರ್ ಅದ್ದಿದಿರಾ? ಕುದಿಸಿದ ಜೊಲ್ಲಿನ ಟ್ಯೂಬಿಗೂ ಕೆಡದ ಕಿಣ್ವ ಹೋಗಿರುತ್ತದೆ. ಇವೆಲ್ಲ ಸರಿಯಿದ್ದೂ ಪಕ್ಕದವರಿಗಿಂತ ನಿಮ್ಮದು ನಿಧಾನವಾದರೆ ತಪ್ಪೇನಿಲ್ಲ. ಜೊಲ್ಲಿನಲ್ಲಿ ಅಮೈಲೇಸ್ ಎಷ್ಟಿರುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

## ಹಂತ 6: ದಾಖಲೆ ಬರೆಯುವುದು, ಮೌಖಿಕಕ್ಕೆ ತಯಾರಾಗುವುದು

ಮಾಡಿದ್ದು, ಕಂಡದ್ದು, ಅರ್ಥ, ಹೀಗೆ ಮೂರು ಕಾಲಂ ಸಾಕು. ಕಂಡದ್ದರ ಕಾಲಂನಲ್ಲಿ ಬಣ್ಣ ಮಾತ್ರ ಬರೆಯಿರಿ. "ಪಿಷ್ಟ ಕಂಡಿತು" ಅಂತ ಬರೆಯಬೇಡಿ, ಪಿಷ್ಟ ಕಣ್ಣಿಗೆ ಕಾಣುವುದಿಲ್ಲ. "ಬೆನೆಡಿಕ್ಟ್ ಕೆಂಪಾಯಿತು, ಆದ್ದರಿಂದ ಗ್ಲುಕೋಸ್ ಇದೆ" ಅನ್ನುವುದೂ ತಪ್ಪು. ರೆಡ್ಯೂಸಿಂಗ್ ಶುಗರ್ ಇದೆ ಅಂತ ಹೇಳಬಹುದು, ಅದು ಯಾವುದು ಅಂತ ಈ ಪರೀಕ್ಷೆ ಹೇಳುವುದಿಲ್ಲ.

ದೇಹದಲ್ಲಿ ಕಾರ್ಬೋಹೈಡ್ರೇಟ್ ಕೆಲಸವೇನು ಅಂದರೆ "ಶಕ್ತಿ ಕೊಡುತ್ತದೆ" ಅಂತ ಒಂದೇ ಸಾಲು ಹೇಳಿ ನಿಲ್ಲಬೇಡಿ. 1 ಗ್ರಾಂಗೆ ಸುಮಾರು 4 ಕಿಲೋಕ್ಯಾಲರಿ, ಸರಿ. ಆದರೆ ಇಡೀ ದೇಹದ ರಕ್ತದಲ್ಲಿ ಒಂದು ಸಮಯಕ್ಕೆ ಇರುವ ಗ್ಲುಕೋಸ್ ನಾಲ್ಕೈದು ಗ್ರಾಂ, ಒಂದು ಚಹಾ ಚಮಚದಷ್ಟು. ಮೆದುಳಿಗೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಕೆಂಪು ರಕ್ತಕಣಗಳಿಗೆ ಮೈಟೊಕಾಂಡ್ರಿಯಾ (ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗ) ಇಲ್ಲ, ಅವು ಗ್ಲುಕೋಸನ್ನೇ ನಂಬಿ ಬದುಕುತ್ತವೆ. ಆ ನಾಲ್ಕೈದು ಗ್ರಾಂ ಖಾಲಿಯಾಗದಂತೆ ಯಕೃತ್ತು ತನ್ನ ಸುಮಾರು 100 ಗ್ರಾಂ ಗ್ಲೈಕೋಜನ್ನನ್ನು ಒಡೆದು ರಕ್ತಕ್ಕೆ ಬಿಡುತ್ತಿರುತ್ತದೆ. ಸ್ನಾಯುಗಳಲ್ಲಿ ಅದರ ಮೂರ್ನಾಲ್ಕು ಪಟ್ಟು ಗ್ಲೈಕೋಜನ್ ಇದೆ. ಆದರೆ ಸ್ನಾಯು ಅದನ್ನು ತಾನೇ ಬಳಸುತ್ತದೆ, ಗ್ಲುಕೋಸ್ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕೊನೆಯ ಕಿಣ್ವ ಅದರಲ್ಲಿಲ್ಲ. ಪರೀಕ್ಷಕರು ಇಷ್ಟಪಡುವ ಪ್ರಶ್ನೆ ಇದು.

ಶಕ್ತಿಯ ಆಚೆಗೂ ಕೆಲಸಗಳಿವೆ. ಆರ್‌ಎನ್‌ಎಯಲ್ಲಿ ರೈಬೋಸ್, ಡಿಎನ್‌ಎಯಲ್ಲಿ ಡಿಆಕ್ಸಿರೈಬೋಸ್, ಎರಡೂ ಐದು ಕಾರ್ಬನ್ನಿನ ಸಕ್ಕರೆಗಳೇ. ನಿಮ್ಮ ರಕ್ತದ ಗುಂಪು ಎ ಅಥವಾ ಬಿ ಅಂತ ತೀರ್ಮಾನವಾಗುವುದು ಕೆಂಪು ಕಣದ ಮೇಲಿನ ಸಕ್ಕರೆ ಸರಪಳಿಯ ತುದಿಯಲ್ಲಿ ಯಾವ ಸಕ್ಕರೆ ಇದೆ ಅನ್ನುವುದರ ಮೇಲೆ. ಸೆಲ್ಯುಲೋಸ್ ಕೂಡ ಗ್ಲುಕೋಸಿನದೇ ಸರಪಳಿ. ಆದರೆ ಜೋಡಣೆಯ ರೀತಿ ಬೇರೆ. ಅದನ್ನು ಒಡೆಯುವ ಕಿಣ್ವ ನಮಗಿಲ್ಲದ ಕಾರಣ ನಾರಾಗಿ ಸಾಗಿಹೋಗುತ್ತದೆ. ಅಯೋಡಿನ್ ಹಾಕಿದರೂ ಅದು ನೀಲಿಯಾಗುವುದಿಲ್ಲ.

## ಹಂತ 7: ತೊಳೆದಿಡುವುದು

ಬೆನೆಡಿಕ್ಟ್ ಉಳಿಕೆಯನ್ನು ಸಿಂಕಿಗೆ ಸುರಿಯಬೇಡಿ, ಅದರಲ್ಲಿ ತಾಮ್ರ ಇದೆ. ಲ್ಯಾಬ್‌ನ ತ್ಯಾಜ್ಯ ಬಾಟಲಿಗೆ ಹಾಕಿ. ಟ್ಯೂಬಿನ ತಳದಲ್ಲಿ ಕೆಂಪು ಅಂಟಿಕೊಂಡಿದ್ದರೆ ಬ್ರಷ್ ಹಾಕಿ ತಿಕ್ಕಿ ಟ್ಯೂಬ್ ಒಡೆಯುವ ಬದಲು ಎರಡು ಹನಿ ದುರ್ಬಲ ಆಮ್ಲ ಬಿಡಿ, ಕರಗುತ್ತದೆ. ಆ ನೀರೂ ತ್ಯಾಜ್ಯ ಬಾಟಲಿಗೇ ಹೋಗಲಿ. ಯೂನಿಫಾರ್ಮ್ ಮೇಲೆ ಅಯೋಡಿನ್ ಬಿದ್ದಿದ್ದರೆ ವಿಟಮಿನ್ ಸಿ ಮಾತ್ರೆಯನ್ನು ನೀರಲ್ಲಿ ಕರಗಿಸಿ ಕಲೆಯ ಮೇಲೆ ಹಚ್ಚಿ, ಬಣ್ಣ ಹೋದ ಮೇಲೆ ಸೋಪಿನಲ್ಲಿ ಒಗೆಯಿರಿ.